ಕಣಗಳು ನಡುವೆ ನಿಲ್ಲದೆ ಸುಳಿ ಸುತ್ತುತ್ತಿವೆಯೇ? ಅಲ್ಟ್ರಾಸೌಂಡ್ ಚಿಪ್‌ನಲ್ಲಿ ದೋಷ ಹುಡುಕುವ ಬಗೆ

ಚಿಪ್‌ಗೆ ಅಂಟಿಸಿದ ಪೀಜೋಗೆ (ಕರೆಂಟ್ ಕೊಟ್ಟರೆ ಅದುರಿ ಅಲ್ಟ್ರಾಸೌಂಡ್ ಹುಟ್ಟಿಸುವ ತುಂಡು) ಕರೆಂಟ್ ಕೊಟ್ಟಿದ್ದೀರಿ. ದ್ರವದಲ್ಲಿರುವ ಕಣಗಳು ಚಿಪ್‌ನ ಸಣ್ಣ ಕಾಲುವೆಯ ನಡುವೆ ಒಂದು ಗೆರೆಯಾಗಿ ಕೂಡಬೇಕಿತ್ತು. ಮೈಕ್ರೋಸ್ಕೋಪ್‌ನಲ್ಲಿ ಕಾಣುವುದೇ ಬೇರೆ. ಕೆಲವು ಕಣಗಳು ನಡುವಿನವರೆಗೆ ಬರುತ್ತವೆ. ಅಲ್ಲಿ ಮಸುಕಾಗಿ ಮಾಯವಾಗುತ್ತವೆ. ಸ್ವಲ್ಪ ಹೊತ್ತಿಗೆ ಗೋಡೆಯ ಹತ್ತಿರ ಮತ್ತೆ ತೋರುತ್ತವೆ. ಗೆರೆ ಮೂಡುವುದಿಲ್ಲ. ಮೂಡಿದರೂ ಅಂಚು ಕದಡಿ ಹೋಗಿರುತ್ತದೆ.

ಇಂಥ ಹೊತ್ತಲ್ಲಿ ಕೈ ತಾನಾಗಿ ವೋಲ್ಟೇಜ್ ಗುಂಡಿಯ ಕಡೆ ಹೋಗುತ್ತದೆ. ದಯವಿಟ್ಟು ಬೇಡ. ಕಣವನ್ನು ನಡುವೆ ತಳ್ಳುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ನಿಜ. ಆದರೆ ದ್ರವವನ್ನು ಸುಳಿ ಸುತ್ತಿಸುವ ಹರಿವು ಕೂಡ ಅದೇ ಲೆಕ್ಕದಲ್ಲಿ ಏರುತ್ತದೆ. ವೋಲ್ಟೇಜ್ ದುಪ್ಪಟ್ಟು ಮಾಡಿದರೆ ಎರಡೂ ನಾಲ್ಕು ಪಟ್ಟಾಗುತ್ತವೆ. ಈ ಜಗಳದಲ್ಲಿ ಯಾರು ಸೋಲುತ್ತಿದ್ದರೋ ಅವರೇ ಮತ್ತೆ ಸೋಲುತ್ತಾರೆ, ಇನ್ನೂ ಬೇಗ. ಮೇಲಾಗಿ ಚಿಪ್ ಬಿಸಿಯಾಗುತ್ತದೆ, ಗುಳ್ಳೆ ಏಳುತ್ತದೆ. ಮೊದಲು ಇದ್ದದ್ದು ಒಂದು ದೋಷ, ಈಗ ಮೂರು.

ಅಲ್ಟ್ರಾಸೌಂಡ್ ಇರುವ ಸಣ್ಣ ಕಾಲುವೆಯಲ್ಲಿ ದ್ರವ ಹರಿಯಲು ಒಂದಲ್ಲ, ಐದಾರು ಕಾರಣಗಳಿವೆ. ಪ್ರತಿಯೊಂದಕ್ಕೂ ಮದ್ದು ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಕೊಟ್ಟರೆ ದಿನಗಳು ಸುಮ್ನೆ ಹೋಗುತ್ತವೆ. ಅದಕ್ಕೇ ಯಾವ ಗುಂಡಿಯನ್ನೂ ಮುಟ್ಟುವ ಮೊದಲು ಕಣ್ಣ ಮುಂದಿರುವ ಹರಿವು ಯಾವ ಜಾತಿಯದು ಅಂತ ಗೊತ್ತುಮಾಡಿಕೊಳ್ಳಬೇಕು. ಈ ಬರಹ ಅದಕ್ಕಾಗಿ.

ಲೆಕ್ಕಗಳಿಗೆ ತುಂಬಾ ಬಳಕೆಯಲ್ಲಿರುವ ಮಾದರಿಯೊಂದನ್ನು ಹಿಡಿದಿದ್ದೇನೆ: ಸಿಲಿಕಾನ್‌ನಲ್ಲಿ ಕೊರೆದು ಮೇಲೆ ಗಾಜು ಮುಚ್ಚಿದ ಕಾಲುವೆ. ಅಗಲ 375 ಮೈಕ್ರಾನ್, ಆಳ 150 ಮೈಕ್ರಾನ್, ಫ್ರೀಕ್ವೆನ್ಸಿ 2 ಮೆಗಾಹರ್ಟ್ಸ್. ನೀರಿನಲ್ಲಿ ಈ ಫ್ರೀಕ್ವೆನ್ಸಿಯ ಅಲೆಯ ಉದ್ದ ಸುಮಾರು 750 ಮೈಕ್ರಾನ್. ಅಂದರೆ ಅಗಲದಲ್ಲಿ ಸರಿಯಾಗಿ ಅರ್ಧ ಅಲೆ ಹಿಡಿಸುತ್ತದೆ. ಒತ್ತಡದ ನೋಡ್, ಅಂದರೆ ಒತ್ತಡ ಏರಿಳಿಯದ ಜಾಗ, ನಡುವೆ ಬೀಳುತ್ತದೆ.

ಮೊದಲು ಸದ್ದು ಆರಿಸಿ ನೋಡಿ

ಪಂಪ್ ನಿಲ್ಲಿಸಿ. ಅಲ್ಟ್ರಾಸೌಂಡ್ ಕೂಡ ಆರಿಸಿ. ಈಗ ಕಣಗಳು ನಿಂತಿವೆಯೇ?

ನಿಂತಿಲ್ಲ ಅಂದರೆ ಅಲ್ಟ್ರಾಸೌಂಡನ್ನು ದೂರುವುದರಲ್ಲಿ ಅರ್ಥವಿಲ್ಲ. ಹೆಚ್ಚಿನ ಸಲ ಕಾರಣ ಎರಡು ತುದಿಯ ನೀರಿನ ಮಟ್ಟ. ಇದನ್ನು ಹಗುರವಾಗಿ ನೋಡಬೇಡಿ. 3 ಸೆಂಟಿಮೀಟರ್ ಉದ್ದದ ಈ ಕಾಲುವೆಯಲ್ಲಿ, ಟ್ಯೂಬ್ ದಪ್ಪವಾಗಿದ್ದರೆ, ಒಳಬಾಯಿ ಮತ್ತು ಹೊರಬಾಯಿಯ ನಡುವೆ ಬರೀ 1 ಮಿಲಿಮೀಟರ್ ಮಟ್ಟದ ವ್ಯತ್ಯಾಸ ಸಾಕು. ದ್ರವ ಸೆಕೆಂಡಿಗೆ 400 ಮೈಕ್ರಾನಿಗಿಂತ ಜಾಸ್ತಿ ವೇಗದಲ್ಲಿ ಹರಿಯುತ್ತದೆ. ನಾವು ಹುಡುಕುತ್ತಿರುವ ಸುಳಿಯ ವೇಗ ಇದರ ಕಾಲು ಭಾಗ ಇರಬಹುದು. ಎರಡೂ ಕಡೆ ವಾಲ್ವ್ ಹಾಕಿ ಮುಚ್ಚಿ. ಸಿರಿಂಜ್‌ನಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಅಥವಾ ಟ್ಯೂಬ್ ಮೆತ್ತಗಿದ್ದರೆ ಪಂಪ್ ನಿಲ್ಲಿಸಿದ ಮೇಲೂ ಅದು ನಿಧಾನವಾಗಿ ಕುಗ್ಗುತ್ತಾ ದ್ರವವನ್ನು ತಳ್ಳುತ್ತಲೇ ಇರುತ್ತದೆ. ಅಂಥ ಹರಿವು ನಿಮಿಷಗಳಲ್ಲಿ ಇಳಿಯುತ್ತದೆ, ತಟ್ಟನೆ ನಿಲ್ಲುವುದಿಲ್ಲ.

ದ್ರವ ಪೂರ್ತಿ ನಿಂತ ಮೇಲೆ ಅಲ್ಟ್ರಾಸೌಂಡ್ ಹಾಕಿ, ಐದು ಸೆಕೆಂಡ್ ಬಿಟ್ಟು ಆರಿಸಿ. ಈಗ ಗಮನ ಇಡಬೇಕಾದದ್ದು ಸಮಯದ ಮೇಲೆ. ಅಲೆಯಿಂದಲೇ ಹುಟ್ಟುವ ಸುಳಿ ಈ ಗಾತ್ರದ ಕಾಲುವೆಯಲ್ಲಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಏಳುತ್ತದೆ, ಅಷ್ಟೇ ಬೇಗ ಸಾಯುತ್ತದೆ. ಕಣ್ಣಿಗೆ ಅದು ಸ್ವಿಚ್ ಜೊತೆಗೇ ಆದ ಹಾಗೆ. ಹರಿವು ನಿಧಾನವಾಗಿ ಶುರುವಾಗಿ ಹತ್ತಾರು ಸೆಕೆಂಡುಗಳಲ್ಲಿ ಬಲಿತರೆ, ಆರಿಸಿದ ಮೇಲೂ ಎಳೆದುಕೊಂಡು ಹೋದರೆ, ಹಿಂದೆ ಬಿಸಿ ಇದೆ ಅಂತ ಅನುಮಾನಿಸಿ. ಈ ಒಂದು ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಆದರೂ ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಎರಡು ಗಾತ್ರದ ಕಣ ಹಾಕಿ

ನನ್ನ ಬಳಿ ಒಂದೇ ಒಂದು ಪರೀಕ್ಷೆ ಆರಿಸಿಕೋ ಅಂದರೆ ಇದನ್ನೇ ಆರಿಸಿಕೊಳ್ಳುತ್ತೇನೆ. 5 ಮೈಕ್ರಾನ್ ಮತ್ತು 1 ಮೈಕ್ರಾನ್ ಪಾಲಿಸ್ಟೈರೀನ್ ಮಣಿಗಳನ್ನು ಒಟ್ಟಿಗೆ ಹಾಕಿ. ಎರಡಕ್ಕೂ ಬೇರೆ ಬೇರೆ ಹೊಳೆಯುವ ಬಣ್ಣ ಇರಲಿ. ಒಂದು ಹನಿ ಟ್ವೀನ್ 20 (ಸೋಪಿನಂಥ ದ್ರವ) ಬೆರೆಸಿದರೆ ಗೋಡೆಗೆ ಅಂಟುವುದು ಕಡಿಮೆ. ಮಣಿಗಳು ವಿರಳವಾಗಿರಲಿ. ಜಾಸ್ತಿ ಹಾಕಿದರೆ ದೊಡ್ಡ ಮಣಿಗಳು ಹೋಗುತ್ತಾ ನೀರನ್ನೂ ಎಳೆದುಕೊಂಡು ಹೋಗುತ್ತವೆ, ಆಗ ಸಣ್ಣವು ನಿಜ ಹೇಳುವುದಿಲ್ಲ.

ಯಾಕೆ ಎರಡು ಗಾತ್ರ? ಅಲೆಯ ತಳ್ಳುಬಲ ಕಣದ ಘನಗಾತ್ರಕ್ಕೆ ತಕ್ಕಂತೆ ಇರುತ್ತದೆ. ನೀರು ಕಣವನ್ನು ಎಳೆಯುವ ಬಲ ಬರೀ ವ್ಯಾಸಕ್ಕೆ ತಕ್ಕಂತೆ. ಹಾಗಾಗಿ ಕಣ ದೊಡ್ಡದಾದಷ್ಟೂ ಅಲೆಯ ಮಾತು ಕೇಳುತ್ತದೆ, ಸಣ್ಣದಾದಷ್ಟೂ ನೀರಿನ ಮಾತು. ಲೆಕ್ಕ ಹಾಕಿ ನೋಡೋಣ. ಅಲೆಯ ಶಕ್ತಿ ಒಂದು ಘನ ಮೀಟರ್‌ಗೆ 100 ಜೂಲ್ ಇದೆ ಅಂತಿಟ್ಟುಕೊಳ್ಳಿ. 5 ಮೈಕ್ರಾನ್ ಮಣಿಯನ್ನು ಅಲೆ ಹೆಚ್ಚೆಂದರೆ ಸೆಕೆಂಡಿಗೆ 650 ಮೈಕ್ರಾನ್ ವೇಗದಲ್ಲಿ ತಳ್ಳುತ್ತದೆ. 1 ಮೈಕ್ರಾನ್ ಮಣಿಯನ್ನು ಬರೀ 26. ಅದೇ ಹೊತ್ತಿಗೆ ಸುಳಿಯ ವೇಗ ಸುಮಾರು 100. ದೊಡ್ಡದು ಅರ್ಧ ಸೆಕೆಂಡಿನಲ್ಲಿ ನಡುವಿಗೆ ಬಂದು ಕೂರುತ್ತದೆ. ಸಣ್ಣದು ಸುಳಿಯ ಜೊತೆ ಸುತ್ತುತ್ತದೆ. ಎರಡೂ ಸಮವಾಗುವ ಗಾತ್ರ 2 ಮೆಗಾಹರ್ಟ್ಸ್‌ನಲ್ಲಿ, ನೀರಿನಲ್ಲಿ, ಪಾಲಿಸ್ಟೈರೀನ್‌ಗೆ ಹೆಚ್ಚುಕಡಿಮೆ 2 ಮೈಕ್ರಾನ್.

ಈಗ ಕಂಡದ್ದನ್ನು ಓದಿಕೊಳ್ಳುವುದು ಸುಲಭ. ದೊಡ್ಡವು ಚೆನ್ನಾಗಿ ಗೆರೆ ಕಟ್ಟಿ ಸಣ್ಣವು ಮಾತ್ರ ಸುತ್ತುತ್ತಿದ್ದರೆ ನಿಮ್ಮ ಚಿಪ್ ಕೆಟ್ಟಿಲ್ಲ. ಅದು ಭೌತಶಾಸ್ತ್ರ ಹೇಳಿದ್ದನ್ನೇ ಮಾಡುತ್ತಿದೆ. ನೀವು ಬೇರ್ಪಡಿಸಬೇಕಾದದ್ದು 1 ಮೈಕ್ರಾನ್ ಬ್ಯಾಕ್ಟೀರಿಯಾ ಆಗಿದ್ದರೆ ವಿನ್ಯಾಸವನ್ನೇ ಬದಲಿಸಬೇಕು, ರಿಪೇರಿಯಿಂದ ಆಗದು. ದೊಡ್ಡವೂ ಸುತ್ತುತ್ತಿದ್ದರೆ ಮಾಮೂಲಿ ಸುಳಿಗಿಂತ ಜೋರಾದದ್ದು ಏನೋ ಇದೆ: ಗುಳ್ಳೆ, ಬಿಸಿ, ಅಥವಾ ತಪ್ಪು ಅನುರಣನ (ಅನುರಣನ ಅಂದರೆ ಒಂದು ಫ್ರೀಕ್ವೆನ್ಸಿಗೆ ಅಲೆ ತಾನಾಗಿ ಬಲಿಯುವುದು). ದೊಡ್ಡವು ಅಲ್ಲಾಡುವುದೇ ಇಲ್ಲ ಅಂದರೆ ಕಾಲುವೆಗೆ ಅಲೆಯೇ ಮುಟ್ಟುತ್ತಿಲ್ಲ.

ಜೊತೆಗೆ ವೇಗವನ್ನು ಅಳೆಯಿರಿ. ವಿಡಿಯೋ ಸೆಕೆಂಡಿಗೆ 25 ಫ್ರೇಮ್ ಇದ್ದರೆ, ಫ್ರೇಮ್‌ಗೆ 4 ಮೈಕ್ರಾನ್ ಸರಿದ ಕಣದ ವೇಗ 100. ವೋಲ್ಟೇಜ್ ಎರಡು ಪಟ್ಟು ಮಾಡಿ ಮತ್ತೆ ಅಳೆಯಿರಿ. ವೋಲ್ಟೇಜನ್ನು ಆಂಪ್ಲಿಫೈಯರ್‌ನ ಡಯಲ್‌ನಲ್ಲಿ ಅಲ್ಲ, ಪೀಜೋದ ಕಾಲುಗಳ ಮೇಲೇ ಆಸಿಲೋಸ್ಕೋಪ್ ಇಟ್ಟು ನೋಡಿ. ಅನುರಣನದ ಹತ್ತಿರ ಪೀಜೋ ಜಾಸ್ತಿ ಕರೆಂಟ್ ಎಳೆಯುತ್ತದೆ, ಆಗ ಆಂಪ್ಲಿಫೈಯರ್ ಕುಸಿಯಬಹುದು. ವೇಗ ನಾಲ್ಕು ಪಟ್ಟಾದರೆ ಅಲೆಯಿಂದ ಹುಟ್ಟಿದ ಮಾಮೂಲಿ ಹರಿವು. ನಾಲ್ಕಕ್ಕಿಂತ ಕಡಿಮೆ ಇದ್ದರೆ ಚಿಪ್ ಬಿಸಿಯಾಗಿ ಅನುರಣನದಿಂದ ಜಾರುತ್ತಿದೆ. ಒಂದು ವೋಲ್ಟೇಜ್‌ವರೆಗೆ ಏನೂ ಇಲ್ಲದೆ ಆಮೇಲೆ ಒಮ್ಮೆಲೇ ಎದ್ದರೆ ಗುಳ್ಳೆ ಹುಡುಕಿ.

ಫೋಕಸ್ ಎಲ್ಲಿದೆ ಅಂತ ನೋಡಿಕೊಳ್ಳಿ

ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ 1884ರಲ್ಲಿ ಈ ಹರಿವಿನ ಲೆಕ್ಕ ಬಿಡಿಸಿದ್ದು ಚಿಪ್‌ಗಾಗಿ ಅಲ್ಲ. ಸದ್ದು ತುಂಬಿದ ಗಾಜಿನ ಕೊಳವೆಯೊಳಗೆ ಗಾಳಿ ಯಾಕೆ ಸುತ್ತುತ್ತದೆ ಅಂತ ತಿಳಿಯಲು. ಅದೇ ಲೆಕ್ಕ ಇವತ್ತು ನಮ್ಮ ಕಾಲುವೆಯಲ್ಲಿ ಕೂತಿದೆ. ಗೋಡೆಗೆ ತಾಗಿದ ನೀರು ಅಲುಗಾಡದು, ಸ್ವಲ್ಪ ಆಚೆಯ ನೀರು ಸೆಕೆಂಡಿಗೆ 20 ಲಕ್ಷ ಸಲ ಅತ್ತಿತ್ತ ಆಡುತ್ತದೆ. ಇವೆರಡರ ನಡುವಿನ ಪದರ 2 ಮೆಗಾಹರ್ಟ್ಸ್‌ನಲ್ಲಿ ಬರೀ 0.38 ಮೈಕ್ರಾನ್ ದಪ್ಪ. ಅಲೆಯ ಶಕ್ತಿ ಅಲ್ಲಿ ಉಜ್ಜಿ ಕರಗುತ್ತದೆ. ಆ ಉಜ್ಜುವಿಕೆಯೇ ಉಳಿದ ಎಲ್ಲ ನೀರನ್ನು ಸುತ್ತಿಸುತ್ತದೆ. ಇಷ್ಟು ತೆಳು ಪದರ ಇಡೀ ಕಾಲುವೆಯನ್ನು ಆಳುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಕಾಲುವೆಯನ್ನು ಅಡ್ಡ ಸೀಳಿ ನೋಡಿದರೆ ನಾಲ್ಕು ಸುಳಿಗಳು ಕಾಣುತ್ತವೆ, ಮೂಲೆಗೊಂದು. ಛಾವಣಿ ಮತ್ತು ತಳದ ಹತ್ತಿರ ನೀರು ನಡುವಿನಿಂದ ಪಕ್ಕದ ಗೋಡೆಗಳ ಕಡೆ ಹೋಗುತ್ತದೆ. ಅರ್ಧ ಆಳದಲ್ಲಿ ಗೋಡೆಯಿಂದ ನಡುವಿಗೆ ಬರುತ್ತದೆ. ನಡುವೆ ಬಂದದ್ದು ಮೇಲಕ್ಕೂ ಕೆಳಕ್ಕೂ ಒಡೆದು ಹೋಗುತ್ತದೆ.

ನಾವು ಮೇಲಿನಿಂದ ನೋಡುವವರು. ಫೋಕಸ್ ಅರ್ಧ ಆಳದಲ್ಲಿದ್ದರೆ ಸಣ್ಣ ಕಣಗಳೂ ನಡುವಿಗೆ ಓಡಿ ಬರುತ್ತವೆ. ಎಲ್ಲಾ ಸರಿ ಅನ್ನಿಸುತ್ತದೆ. ಫೋಕಸ್ ತಳದಲ್ಲಿದ್ದರೆ ಅದೇ ಕಣಗಳು ನಡುವಿನಿಂದ ದೂರ ಓಡುತ್ತವೆ. ಕಣಗಳ ಗುಣವೇ ತಿರುಗಿದೆ, ಇವು ಆಂಟಿನೋಡ್‌ಗೆ (ಒತ್ತಡ ಅತಿ ಹೆಚ್ಚು ಏರಿಳಿಯುವ, ಇಲ್ಲಿ ಗೋಡೆಯ ಹತ್ತಿರದ ಜಾಗಕ್ಕೆ) ಹೋಗುವ ಜಾತಿ ಅಂತ ತೀರ್ಮಾನಿಸಿದವರನ್ನು ನೋಡಿದ್ದೇನೆ. ಎಣ್ಣೆಯ ಹನಿಗಳಂಥವು ನಿಜವಾಗಿಯೂ ಆಂಟಿನೋಡ್‌ಗೆ ಹೋಗುತ್ತವೆ, ಹಾಗಾಗಿ ಈ ತಪ್ಪು ನಂಬುವಂತೆಯೇ ಇರುತ್ತದೆ. ತಳದಿಂದ ಛಾವಣಿವರೆಗೆ ಫೋಕಸ್ ಸರಿಸುತ್ತಾ ಕನಿಷ್ಠ ಮೂರು ಆಳದಲ್ಲಿ ನೋಡಿ. ದಿಕ್ಕು ಆಳದ ಜೊತೆ ತಿರುಗಿದರೆ ಅದು ರೇಲಿ ಸುಳಿ. ದೊಡ್ಡ ಮಣಿಗಳನ್ನು ನೋಡುವಾಗ ತಡಮಾಡಬೇಡಿ. 5 ಮೈಕ್ರಾನ್ ಪಾಲಿಸ್ಟೈರೀನ್ ನೀರಿನಲ್ಲಿ ಸೆಕೆಂಡಿಗೆ ಮುಕ್ಕಾಲು ಮೈಕ್ರಾನ್ ಮುಳುಗುತ್ತದೆ. ಎರಡು ನಿಮಿಷ ಬಿಟ್ಟರೆ ಅರ್ಧ ಆಳದಲ್ಲಿದ್ದದ್ದೂ ತಳ ಸೇರಿರುತ್ತದೆ.

ನಾಲ್ಕು ಸುಳಿಯ ಬದಲು ನಡುವೆ ಒಂದೇ ದೊಡ್ಡ ಸುಳಿ ಸುತ್ತುತ್ತಿದ್ದರೆ ಕಾಲುವೆಯ ಅಗಲ ಮತ್ತು ಆಳ ಹತ್ತಿರ ಹತ್ತಿರ ಇವೆಯೇ ನೋಡಿ. ಆಗ ಅಡ್ಡ ಅನುರಣನ ಮತ್ತು ನಿಲುವಿನ ಅನುರಣನ ಎರಡೂ ಒಟ್ಟಿಗೆ ಏಳುತ್ತವೆ. ಇದು ಯಾವಾಗಲೂ ಕೆಟ್ಟದ್ದಲ್ಲ. 2014ರಲ್ಲಿ ಸ್ವೀಡನ್‌ನ ಲುಂಡ್ ಮತ್ತು ಡೆನ್ಮಾರ್ಕ್‌ನ ಸಂಶೋಧಕರು ಇದೇ ಒಂಟಿ ಸುಳಿಯನ್ನು ಬಳಸಿಕೊಂಡು ಅರ್ಧ ಮೈಕ್ರಾನ್ ಕಣಗಳನ್ನೂ ಬ್ಯಾಕ್ಟೀರಿಯಾವನ್ನೂ ನಡುವೆ ಕೂಡಿಸಿದರು.

ರೇಲಿ ಸುಳಿಯೇ ಅಂತಾದರೆ

ಮೊದಲು ಏನು ಮಾಡಬಾರದು ಅಂತ ಹೇಳುತ್ತೇನೆ. ಗ್ಲಿಸರಾಲ್ ಹಾಕಿ ದ್ರವವನ್ನು ಗಟ್ಟಿ ಮಾಡಿದರೆ ಸುಳಿ ನಿಧಾನವಾಗುತ್ತದೆ ಅನ್ನಿಸುತ್ತದೆ ಅಲ್ವಾ? ಆಗುವುದು ತದ್ವಿರುದ್ಧ. ಅಲೆಯ ಶಕ್ತಿ ಅಷ್ಟೇ ಇದ್ದರೆ ರೇಲಿ ಸುಳಿಯ ವೇಗಕ್ಕೆ ದ್ರವದ ಗಟ್ಟಿತನ ಲೆಕ್ಕಕ್ಕೇ ಇಲ್ಲ. ಆದರೆ ಕಣದ ವೇಗ ಗಟ್ಟಿತನ ಹೆಚ್ಚಿದಷ್ಟೂ ಇಳಿಯುತ್ತದೆ. ಹಾಗಾಗಿ ಸಮವಾಗುವ ಗಾತ್ರ ಇನ್ನೂ ಮೇಲೇರುತ್ತದೆ, 3 ಮೈಕ್ರಾನ್ ಕಣವೂ ಕೈತಪ್ಪಬಹುದು. ಅಲ್ಟ್ರಾಸೌಂಡನ್ನು ಬಿಟ್ಟು ಬಿಟ್ಟು ಕೊಡುವುದೂ ಅಷ್ಟೇನೂ ನೆರವಾಗದು. ಅಲೆ ಸುಳಿಗಿಂತ ಬೇಗ ಏಳುತ್ತದೆ, ಆ ಸಂದಿನಲ್ಲಿ ಕಣವನ್ನು ತಳ್ಳೋಣ ಅನ್ನುವ ಯೋಚನೆ ಚೆನ್ನಾಗಿದೆ. ಆದರೆ ಆರಿಸಿದ ಮೇಲೆ ಸುಳಿ ಸಾಯಲು ಅಲೆಗಿಂತ ತಡಮಾಡುತ್ತದೆ, ಗಳಿಸಿದ್ದು ಅಲ್ಲೇ ಹೋಗುತ್ತದೆ.

ಕೆಲಸ ಮಾಡುವ ದಾರಿಗಳು ಮೂರು. ಒಂದು, ಫ್ರೀಕ್ವೆನ್ಸಿ ಏರಿಸಿ ಕಾಲುವೆಯನ್ನು ಕಿರಿದು ಮಾಡುವುದು. ಸಮವಾಗುವ ಗಾತ್ರ ಫ್ರೀಕ್ವೆನ್ಸಿಯ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ: 4 ಮೆಗಾಹರ್ಟ್ಸ್‌ಗೆ 1.4 ಮೈಕ್ರಾನ್, 8ಕ್ಕೆ 1 ಮೈಕ್ರಾನ್. ಲಾಭ ಇದೆ, ಆದರೆ ನಿಧಾನದ ಲಾಭ. ಎರಡು, ಕಾಲುವೆಯನ್ನು ಅಗಲಕ್ಕಿಂತ ಎಷ್ಟೋ ಆಳ ಮಾಡುವುದು. ಸುಳಿಗಳು ಛಾವಣಿ ಮತ್ತು ತಳದ ಹತ್ತಿರ ಸುಮಾರು ಕಾಲು ಅಲೆಯಷ್ಟು ದೂರದಲ್ಲೇ ಉಳಿಯುತ್ತವೆ. ನಡುವಿನ ಆಳದಲ್ಲಿ ನೀರು ಶಾಂತ. ಮೂರನೆಯದು ದ್ರವದ ಒಳಗೇ ಸಾಂದ್ರತೆಯ ಇಳಿಜಾರು ಕಟ್ಟುವುದು. ನಡುವೆ ಅಯೋಡಿಕ್ಸನಾಲ್ ಬೆರೆಸಿದ ಭಾರದ ದ್ರವ, ಪಕ್ಕಗಳಲ್ಲಿ ಹಗುರದ್ದು. ಆ ಜೋಡಣೆಯನ್ನು ಅಲೆ ತಾನೇ ಹಿಡಿದು ನಿಲ್ಲಿಸುತ್ತದೆ, ಸುಳಿ ಅದನ್ನು ಕಲಕಲಾರದು. 2018ರಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದರು. ನನಗೆ ತುಂಬಾ ಇಷ್ಟವಾದ ಉಪಾಯ ಇದು. ಆದರೆ ಎರಡು ದ್ರವ ಬೆರೆತು ಇಳಿಜಾರು ಅಳಿಸುತ್ತಾ ಬಂದ ಹಾಗೆ ಸುಳಿ ಮರಳಿ ಏಳುತ್ತದೆ. ಹರಿವು ನಿಲ್ಲಿಸಿ ಕಾಯುತ್ತಾ ಕೂತರೆ ಸಿಗದು, ದ್ರವ ಹೊಸದಾಗಿ ಬರುತ್ತಿರಬೇಕು.

ಗುಳ್ಳೆ

ಅತಿ ಹೆಚ್ಚು ಸಲ ಸಿಗುವ ದೋಷ ಇದು, ಅತಿ ಹೆಚ್ಚು ಸಲ ತಪ್ಪಿಸಿಕೊಳ್ಳುವುದೂ ಇದೇ. ಗುಳ್ಳೆಯ ಸುಳಿಗೆ ಒಂದು ಗುರುತಿದೆ: ಅದು ಒಂದೇ ಜಾಗದಲ್ಲಿ ಇರುತ್ತದೆ. ರೇಲಿ ಸುಳಿ ಕಾಲುವೆಯ ಉದ್ದಕ್ಕೂ ಹಬ್ಬಿರುತ್ತದೆ. ಗುಳ್ಳೆಯದು ಒಂದು ಮೂಲೆಗೆ, ಒಂದು ಗೀರಿಗೆ, ಒಳಬಾಯಿಯ ಒಂದು ಅಂಚಿಗೆ ಕಟ್ಟಿಕೊಂಡಿರುತ್ತದೆ. ಮತ್ತೆ ಅದು ಜೋರು. 5 ಮೈಕ್ರಾನ್ ಮಣಿಗಳನ್ನೂ ಗಿರಗಿಟ್ಟಲೆಯ ಹಾಗೆ ಸುತ್ತಿಸುತ್ತದೆ.

ಒಮ್ಮೆ ನನ್ನ ಒಂದು ಚಿಪ್‌ನಲ್ಲಿ ಹೊರಬಾಯಿಯ ಹತ್ತಿರ ಮಾತ್ರ ಗೆರೆ ಒಡೆಯುತ್ತಿತ್ತು. ಕಾಲುವೆ ಸ್ವಚ್ಛ, ಗುಳ್ಳೆ ಎಲ್ಲೂ ಕಾಣದು. ಎರಡು ವಾರ ಫ್ರೀಕ್ವೆನ್ಸಿ ಹುಡುಕಿದೆ. ಕೊನೆಗೆ ದೊಡ್ಡ ಲೆನ್ಸ್ ಹಾಕಿ ಅಂಗುಲ ಅಂಗುಲ ನೋಡಿದಾಗ, ಗಾಜು ಮತ್ತು ಸಿಲಿಕಾನ್ ಕೂಡುವ ಅಂಚಿನಲ್ಲಿ ಸಣ್ಣ ಚಕ್ಕೆ ಎದ್ದಿತ್ತು. ಅದರೊಳಗೆ ಕೂದಲಿಗಿಂತ ಸಣ್ಣ ಗಾಳಿ. ಅಂದಿನಿಂದ ಸಣ್ಣ ಗುಳ್ಳೆಯನ್ನು ನಾನು ತುಂಬಾ ಗಂಭೀರವಾಗಿ ನೋಡುತ್ತೇನೆ.

ಸಣ್ಣದ್ದರ ಬಗ್ಗೆ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಗುಳ್ಳೆಗೂ ತನ್ನದೇ ಅನುರಣನ ಇದೆ. ನೀರಿನಲ್ಲಿ 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸುಮಾರು 3.3 ಕಿಲೋಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ತ್ರಿಜ್ಯ ಇಳಿದಷ್ಟೂ ಫ್ರೀಕ್ವೆನ್ಸಿ ಏರುತ್ತದೆ. ಆ ಲೆಕ್ಕದಲ್ಲಿ 2 ಮೆಗಾಹರ್ಟ್ಸ್‌ಗೆ ಒಗ್ಗುವ ಗುಳ್ಳೆಯ ತ್ರಿಜ್ಯ 2 ಮೈಕ್ರಾನ್ ಆಸುಪಾಸು. ಅಂದರೆ ನಿಮ್ಮ ಕಣದಷ್ಟೇ ದೊಡ್ಡದು. ಕಣ ಅಂತಲೇ ತಿಳಿದು ಅದನ್ನು ದಾಟಿ ಹೋಗುತ್ತೀರಿ. ಅದಕ್ಕಿಂತ ದೊಡ್ಡ ಗುಳ್ಳೆಗಳೂ ಸುಮ್ಮನಿರುವುದಿಲ್ಲ, ಅವುಗಳ ಮೈ ಅದುರಿ ಸುತ್ತಲ ನೀರನ್ನು ಓಡಿಸುತ್ತದೆ.

ಅನುಮಾನ ಬಂದರೆ ಹೊರಬಾಯಿಯ ಟ್ಯೂಬನ್ನು ಹಿಸುಕಿ ಹಿಡಿದು ಸಿರಿಂಜನ್ನು ಮೆಲ್ಲಗೆ ಒತ್ತಿ. ಒತ್ತಡಕ್ಕೆ ಗುಳ್ಳೆ ಕುಗ್ಗುತ್ತದೆ, ಸುಳಿಯ ವೇಗವೋ ಆಕಾರವೋ ಕೂಡಲೇ ಬದಲಾಗುತ್ತದೆ. ಗೋಡೆಯಿಂದ ಹುಟ್ಟಿದ ಸುಳಿಗೆ ಇದರಿಂದ ಏನೂ ಆಗದು. ಕಾಲುವೆಯ ಜೋಡಣೆ ಎಷ್ಟು ಒತ್ತಡ ತಾಳುತ್ತದೆ ಅನ್ನುವುದು ಗಮನದಲ್ಲಿರಲಿ. ಸುಳಿ ಇರುವ ಜಾಗದಲ್ಲಿ ಗುಳ್ಳೆ ಇಲ್ಲವೇ ಇಲ್ಲ ಅಂತ ಖಾತ್ರಿಯಾದರೆ, ಅಲ್ಲಿ ಚೂಪಾದ ಅಂಚು, ಅಂಟಿನ ಉಬ್ಬು ಅಥವಾ ಸಿಕ್ಕಿಕೊಂಡ ಕಸ ಇದೆಯೇ ನೋಡಿ. ಚೂಪು ಮೂಲೆ ಕೂಡ ಅಲೆಯಲ್ಲಿ ತನ್ನದೇ ಸುಳಿ ಎಬ್ಬಿಸುತ್ತದೆ.

ಗುಳ್ಳೆ ತೆಗೆಯಲು ಒಣ ಚಿಪ್‌ಗೆ ಮೊದಲು ಎಥನಾಲ್ ತುಂಬಿ. ಅದು ನೀರಿಗಿಂತ ಚೆನ್ನಾಗಿ ಮೂಲೆಗಳನ್ನು ನೆನೆಸುತ್ತದೆ. ಆಮೇಲೆ ಗಾಳಿ ತೆಗೆದ ನೀರು ಹರಿಸಿ. ಎಥನಾಲ್ ಪೂರ್ತಿ ಹೋಗುವವರೆಗೆ ಹರಿಸುವುದನ್ನು ನಿಲ್ಲಿಸಬೇಡಿ. ಉಳಿದ ಎಥನಾಲ್ ನೀರಿನ ಜೊತೆ ಸೇರಿ ಬೇರೊಂದು ಹರಿವು ಹುಟ್ಟಿಸುತ್ತದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ನೀರಿನ ಗಾಳಿ ತೆಗೆಯಲು ವ್ಯಾಕ್ಯೂಮ್‌ನಲ್ಲಿ ಇಡಿ, ಇಲ್ಲವೇ ಕುದಿಸಿ ಬಾಯಿ ಮುಚ್ಚಿ ಆರಿಸಿ. ಫ್ರಿಜ್‌ನಿಂದ ತೆಗೆದ ದ್ರವವನ್ನು ನೇರ ಚಿಪ್‌ಗೆ ಬಿಡಬೇಡಿ. ತಣ್ಣನೆಯ ನೀರಿನಲ್ಲಿ ಗಾಳಿ ಜಾಸ್ತಿ ಕರಗಿರುತ್ತದೆ. ಬೆಚ್ಚಗಿನ ಚಿಪ್ ಒಳಗೆ ಬಂದ ಕೂಡಲೇ ಅದು ಗುಳ್ಳೆಯಾಗಿ ಹೊರಬರುತ್ತದೆ. ಬೆಳಿಗ್ಗೆ ಸರಿ ಇದ್ದ ಚಿಪ್ ಮಧ್ಯಾಹ್ನ ಕೆಡುವುದಕ್ಕೆ ಎಷ್ಟೋ ಸಲ ಇಷ್ಟೇ ಕಾರಣ.

ಬಿಸಿ

ಮೊದಲ ಹತ್ತು ಸೆಕೆಂಡ್ ಗೆರೆ ಚೆನ್ನಾಗಿರುತ್ತದೆ. ನಿಮಿಷ ಕಳೆದರೆ ಸಡಿಲವಾಗುತ್ತದೆ. ಆರಿಸಿ ಐದು ನಿಮಿಷ ಬಿಟ್ಟು ಹಾಕಿದರೆ ಮತ್ತೆ ಚೆನ್ನ. ಇದು ಬಿಸಿಯ ಗುರುತು.

ಪೀಜೋ ಬಿಸಿಯಾಗುತ್ತದೆ, ಚಿಪ್ ಬಿಸಿಯಾಗುತ್ತದೆ, ನೀರು ಬಿಸಿಯಾಗುತ್ತದೆ. ನೀರಿನಲ್ಲಿ ಸದ್ದಿನ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 1482 ಮೀಟರ್, 30 ಡಿಗ್ರಿಯಲ್ಲಿ 1509. ಹತ್ತು ಡಿಗ್ರಿಗೆ 1.8 ಪರ್ಸೆಂಟ್ ಬದಲಾವಣೆ. ಕಡಿಮೆ ಅನ್ನಿಸುತ್ತದೆ. ಆದರೆ 2 ಮೆಗಾಹರ್ಟ್ಸ್‌ನಲ್ಲಿ ಅದು 36 ಕಿಲೋಹರ್ಟ್ಸ್. ಅನುರಣನದ ಅಗಲ 10 ಕಿಲೋಹರ್ಟ್ಸ್ ಇದ್ದರೆ ಮೂರು ಡಿಗ್ರಿ ಏರುವಷ್ಟರಲ್ಲೇ ನೀವು ಅದರಿಂದ ಹೊರಗೆ. ಚಿಪ್‌ಗೆ ಉಷ್ಣತೆ ಅಳೆಯುವ ಥರ್ಮಿಸ್ಟರ್ ಅಂಟಿಸಿ. ಆಗುವುದಾದರೆ ಕೆಳಗೆ ಪೆಲ್ಟಿಯರ್ (ಕರೆಂಟಿನಿಂದ ತಣ್ಣಗೆ ಅಥವಾ ಬಿಸಿ ಮಾಡುವ ಫಲಕ) ಇಟ್ಟು ಉಷ್ಣತೆ ಕಟ್ಟಿಹಾಕಿ. ಅದಿಲ್ಲದಿದ್ದರೆ ಫ್ಯಾನ್ ಆದರೂ ಇರಲಿ. ಮುಖ್ಯವಾಗಿ, ಫ್ರೀಕ್ವೆನ್ಸಿ ಹುಡುಕುವುದನ್ನು ತಣ್ಣನೆಯ ಚಿಪ್‌ನಲ್ಲಿ ಮಾಡಬೇಡಿ. ಕೆಲಸದ ವೋಲ್ಟೇಜ್‌ನಲ್ಲಿ ಹತ್ತು ನಿಮಿಷ ಓಡಿಸಿ, ಆಮೇಲೆ 1.9ರಿಂದ 2.1 ಮೆಗಾಹರ್ಟ್ಸ್‌ವರೆಗೆ 5 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಹೋಗುತ್ತಾ 5 ಮೈಕ್ರಾನ್ ಮಣಿಯ ವೇಗ ಬರೆದುಕೊಳ್ಳಿ. ಪೀಜೋದ ಕರೆಂಟ್ ಅತಿ ಹೆಚ್ಚಿರುವ ಫ್ರೀಕ್ವೆನ್ಸಿಯೇ ಕಾಲುವೆಯ ಅನುರಣನ ಅಂತ ನಂಬಬೇಡಿ. ಅದು ಪೀಜೋದ್ದೇ ಆಗಿರಬಹುದು.

ಬಿಸಿಗೆ ಇನ್ನೊಂದು ಮುಖ ಇದೆ. ಕಾಲುವೆಯ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಣ್ಣಗೆ ಇದ್ದರೆ ನೀರಿನ ಸಾಂದ್ರತೆ ಮತ್ತು ಸದ್ದಿನ ವೇಗ ಜಾಗದಿಂದ ಜಾಗಕ್ಕೆ ಬೇರೆಯಾಗುತ್ತವೆ. ಆ ವ್ಯತ್ಯಾಸವನ್ನು ಅಲೆ ಹಿಡಿದು ತಳ್ಳುತ್ತದೆ. ಕೆಲವೇ ಡಿಗ್ರಿಯ ವ್ಯತ್ಯಾಸ ರೇಲಿ ಸುಳಿಗಿಂತ ಎಷ್ಟೋ ಪಟ್ಟು ಜೋರಾದ ಹರಿವು ಎಬ್ಬಿಸಬಲ್ಲದು. ಬಿಸಿ ಎಲ್ಲಿಂದ? ಒಂದೇ ಬದಿಗೆ ಅಂಟಿಸಿದ ಪೀಜೋದಿಂದ. ಅಥವಾ, ಯಾರೂ ಯೋಚಿಸದ ಜಾಗ, ನಿಮ್ಮ ಮೈಕ್ರೋಸ್ಕೋಪ್‌ನ ದೀಪದಿಂದ. ದ್ರವದಲ್ಲಿ ಬಣ್ಣ ಇದ್ದು ಬೆಳಕು ಪ್ರಖರವಾಗಿದ್ದರೆ ನೋಡುವುದೇ ಬಿಸಿ ಮಾಡುವುದಾಗುತ್ತದೆ. ಬೆಳಕನ್ನು ಕಾಲು ಭಾಗಕ್ಕೆ ಇಳಿಸಿ ಕ್ಯಾಮೆರಾದ ಎಕ್ಸ್‌ಪೋಶರ್ ಏರಿಸಿ ನೋಡಿ. ಸುಳಿ ನಿಧಾನವಾದರೆ ಕಳ್ಳ ಸಿಕ್ಕಿದ.

ಮೇಲಿನಿಂದಲೇ ಸುಳಿ ಕಂಡರೆ

ರೇಲಿ ಸುಳಿ ಅಡ್ಡ ಸೀಳಿನಲ್ಲಿ ಇರುವುದರಿಂದ ಮೇಲಿನಿಂದ ನೋಡಿದಾಗ ಕಣ ಮಸುಕಾಗಿ ಮತ್ತೆ ಸ್ಪಷ್ಟವಾಗುವುದಷ್ಟೇ ಕಾಣುತ್ತದೆ. ಅದರ ಬದಲು ಫೋಕಸ್ ಬಿಡದೆ, ಕಾಲುವೆಯ ಉದ್ದಕ್ಕೆ ದೊಡ್ಡ ವೃತ್ತಗಳಲ್ಲಿ ಸುತ್ತುತ್ತಿದ್ದರೆ ಅಲೆಯ ಶಕ್ತಿ ಉದ್ದಕ್ಕೂ ಸಮವಾಗಿಲ್ಲ. ಒಂದು ಕಡೆ ಜೋರು, ಪಕ್ಕದಲ್ಲೇ ಮೆದು. ಕಣಗಳು ಗೆರೆಯಾಗದೆ ಅಲ್ಲಲ್ಲಿ ಗುಂಪಾಗಿ ಕೂತಿರುತ್ತವೆ. ಅಗಲವಾದ, ತೆಳುವಾದ ಕೋಣೆಗಳಲ್ಲಿ ಇದು ಇನ್ನೂ ಸಾಮಾನ್ಯ.

ಪೀಜೋ ಅಂಟಿಸಿದ ಕಡೆ ನೋಡಿ. ಅಂಟಿನ ಪದರದಲ್ಲಿ ಗಾಳಿ ಇದೆಯೇ, ಒಂದು ಮೂಲೆ ಬಿಟ್ಟಿದೆಯೇ, ಜೆಲ್ ಅಥವಾ ಗ್ಲಿಸರಾಲ್ ಹಚ್ಚಿದ್ದು ಒಣಗಿದೆಯೇ. ಚಿಪ್ ಹಿಡಿದಿರುವ ಕ್ಲಿಪ್‌ಗಳನ್ನು ಸಡಿಲಿಸಿ ನೋಡಿ. ಬಿಗಿ ಹಿಡಿತ ಅಲೆಯನ್ನು ಒಂದು ಕಡೆಯಿಂದ ಹೀರಿಕೊಳ್ಳುತ್ತದೆ. ಹಿಂದೆ ಸರಿ ಇದ್ದ ಚಿಪ್ ಆದರೆ ಹೆಚ್ಚಿನ ಸಲ ಅಂಟೇ ಕಾರಣ.

ಹತ್ತಾರು ಮೆಗಾಹರ್ಟ್ಸ್ ಚಿಪ್‌ಗಳು

ಲಿಥಿಯಂ ನಿಯೋಬೇಟ್ ಹರಳಿನ ಮೇಲ್ಮೈಯಲ್ಲಿ ಅಲೆ ಓಡಿಸುವ ಚಿಪ್ ನಿಮ್ಮದಾದರೆ ಲೆಕ್ಕ ಬೇರೆ. ಅಲ್ಲಿ ಅಲೆ ನೀರಿಗೆ ಸುಮಾರು 22 ಡಿಗ್ರಿ ಓರೆಯಾಗಿ ಇಳಿದು, ಹೋಗುತ್ತಾ ಕರಗುತ್ತಾ ನೀರನ್ನು ಮುಂದಕ್ಕೆ ತಳ್ಳುತ್ತದೆ. ಅಮೆರಿಕದ ಭೌತವಿಜ್ಞಾನಿ ಕಾರ್ಲ್ ಎಕಾರ್ಟ್ 1948ರಲ್ಲಿ ವಿವರಿಸಿದ ಹರಿವು ಇದು. ಅಲೆ ಕರಗುವುದು ಫ್ರೀಕ್ವೆನ್ಸಿಯ ವರ್ಗಕ್ಕೆ ತಕ್ಕಂತೆ. 2 ಮೆಗಾಹರ್ಟ್ಸ್ ಅಲೆ ನೀರಿನಲ್ಲಿ ಹತ್ತು ಮೀಟರ್ ಹೋಗಿ ಸವೆಯುತ್ತದೆ, ಹಾಗಾಗಿ ನಮ್ಮ ಕಾಲುವೆಯಲ್ಲಿ ಎಕಾರ್ಟ್ ಹರಿವು ಇಲ್ಲ ಅಂತಲೇ ಇಟ್ಟುಕೊಳ್ಳಬಹುದು. 100 ಮೆಗಾಹರ್ಟ್ಸ್‌ನದು 4 ಮಿಲಿಮೀಟರ್‌ನಲ್ಲೇ ಸವೆಯುತ್ತದೆ. ಅಲೆಯ ದಿಕ್ಕಿನಲ್ಲಿ ನೇರ ಜೆಟ್, ಬದಿಗಳಲ್ಲಿ ಮರಳುವ ನೀರು ಕಂಡರೆ ಇದೇ. ಅಲೆ ಸಾಗುವ ನೀರಿನ ದಾರಿಯನ್ನು ಗಿಡ್ಡ ಮಾಡಿ.

ಎರಡು ದ್ರವ ಜಾಗ ಬದಲಿಸಿದರೆ

ಇದು ಸುಳಿಯೇ ಅಲ್ಲ, ಆದರೆ ಸುಳಿ ಅಂತ ತಪ್ಪಾಗಿ ಬರೆದಿಟ್ಟದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಕಣ ತೊಳೆಯುವ ಚಿಪ್‌ಗಳಲ್ಲಿ ಪಕ್ಕಗಳಲ್ಲಿ ಮಾದರಿ, ನಡುವೆ ಶುದ್ಧ ದ್ರವ ಹರಿಯುತ್ತದೆ. ಅಲ್ಟ್ರಾಸೌಂಡ್ ಹಾಕಿದ ಕೂಡಲೇ ಪಕ್ಕದ ದ್ರವ ಇಡಿಯಾಗಿ ನಡುವಿಗೆ ನುಗ್ಗುತ್ತದೆ. ಕಣ ಸಣ್ಣದೋ ದೊಡ್ಡದೋ, ಬೇಕಾದ್ದೂ ಬೇಡದ್ದೂ ಎಲ್ಲ ಅದರ ಜೊತೆಗೆ.

ಸಾಂದ್ರತೆಯನ್ನು ಸದ್ದಿನ ವೇಗದಿಂದ ಗುಣಿಸಿ. ಆ ಸಂಖ್ಯೆ ಯಾವ ದ್ರವಕ್ಕೆ ಜಾಸ್ತಿಯೋ ಅದು ಒತ್ತಡದ ನೋಡ್‌ಗೆ, ಅಂದರೆ ನಡುವಿಗೆ ಹೋಗುತ್ತದೆ. ಉಪ್ಪಿನ ಬಫರ್‌ಗೆ ಈ ಸಂಖ್ಯೆ ಬರೀ ನೀರಿಗಿಂತ ಜಾಸ್ತಿ. ಆದ್ದರಿಂದ ಪಕ್ಕದಲ್ಲಿ ಬಫರ್, ನಡುವೆ ಬರೀ ನೀರು ಇಟ್ಟರೆ ಜಾಗ ಬದಲಾಗುವುದು ಖಂಡಿತ. ಎಥನಾಲ್ ಉಳಿದ ಚಿಪ್‌ನಲ್ಲೂ ಇದೇ ಆಟ. ಪರೀಕ್ಷೆ ಸುಲಭ. ಕಣವೇ ಇಲ್ಲದ ಪಕ್ಕದ ದ್ರವಕ್ಕೆ ಸ್ವಲ್ಪ ಬಣ್ಣ ಹಾಕಿ ಹರಿಸಿ, ಅಲ್ಟ್ರಾಸೌಂಡ್ ಹಾಕಿ. ಬಣ್ಣ ನಡುವಿಗೆ ಹೋದರೆ ಬೇರೆ ಯಾವ ಪುರಾವೆಯೂ ಬೇಡ.

ನಡುವಿನ ದ್ರವವನ್ನೂ ಅದೇ ಬಫರ್‌ನಲ್ಲಿ ಮಾಡಿ, ಅದಕ್ಕೆ ಸ್ವಲ್ಪ ಅಯೋಡಿಕ್ಸನಾಲ್ ಅಥವಾ ಸಕ್ಕರೆ ಬೆರೆಸಿ. ಎರಡರ ಅಂತರ ಸಣ್ಣದಾಗಿರಲಿ. ತುಂಬಾ ಭಾರ ಮಾಡಿದರೆ ನಡುವಿನ ದ್ರವದಲ್ಲಿ ಕಣದ ಮೇಲಿನ ತಳ್ಳುಬಲವೇ ಇಳಿದು, ಕಣ ಎರಡು ದ್ರವ ಕೂಡುವ ಗಡಿಯಲ್ಲೇ ನಿಂತುಬಿಡುತ್ತದೆ. ದ್ರವ ಬದಲಿಸಿದ ಮೇಲೆ ಫ್ರೀಕ್ವೆನ್ಸಿಯನ್ನು ಹೊಸದಾಗಿ ಹುಡುಕಿ. ಸದ್ದಿನ ವೇಗ ಬದಲಾಗಿರುತ್ತದೆ, ಹಳೆಯ ಸಂಖ್ಯೆ ಈಗ ನಡೆಯುವುದಿಲ್ಲ.